ನರ್ಸಮ್ಮನ ಗಟ್ಟಿ ಹಾಸಿಗೆ

ಪ್ರೆಸ್ಸಿನವನು ಕೊಟ್ಟಿದ್ದ ಕೈಗಡಿಯಾರವನ್ನು ದೊಡ್ಡವಳು ಬಿಚ್ಚಿ ಊಟದ ಮೇಜಿನ ಮೇಲೆ, ಬ್ರೆಡ್ಡಿನ ತಟ್ಟೆಯ ಪಕ್ಕಕ್ಕೆ ಇಟ್ಟಳು.

"ನಾಳೆ ಸ್ಕೂಲಿಗೆ ಹೋಗ್ತಾ ಇದನ್ನ ಪ್ರೆಸ್ಸಲ್ಲಿ ಕೊಟ್ಟು ಹೋಗು," ಎಂದು ಚಿಕ್ಕವಳಿಗೆ ಹೇಳಿದಳು.

"ಕೆಟ್ಟೋಯ್ತಾ?"

"ಇಲ್ಲ. ವಾಪಸ್ಸು."

ನನ್ನ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆಯೇ ನಿಂತಿತು. ನಮ್ಮನೆಯವರು ಬ್ರೆಡ್ಡು ಮುರಿಯುವುದನ್ನು ಬಿಟ್ಟು ನನ್ನ ಮುಖ ನೋಡಿದರು. ಅತ್ತೆ ಮಾತ್ರ ಏನೂ ಆಗದವರಂತೆ ಇನ್ನಷ್ಟು ಬೀನ್ಸ್ ಹಾಕಿಕೊಂಡರು.

ಮುಂದಿನ ತಿಂಗಳು ಅವಳೂ ಪ್ರೆಸ್ಸಿನವನೂ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮದುವೆಯ ಸಹಿ ಹಾಕುವುದೆಂದು ಗೊತ್ತಾಗಿತ್ತು. ಹುಡುಗ ಪತ್ರಿಕೆ ಅಚ್ಚಾಗುವ ಪ್ರೆಸ್ಸಿನಲ್ಲಿ ಯಂತ್ರ ನೋಡಿಕೊಳ್ಳುತ್ತಾನೆ. ಬಂದಾಗಲೆಲ್ಲ ಬೆರಳ ಸಂದಿಯಲ್ಲಿ ಶಾಯಿ ಇರುತ್ತದೆ. ಊಟಕ್ಕೆ ಕೂತರೆ ಸಂಕೋಚವಿಲ್ಲದೆ ಎರಡನೇ ಸಲ ಕೇಳುತ್ತಾನೆ, ಎದ್ದ ಮೇಲೆ ತನ್ನ ತಟ್ಟೆ ತಾನೇ ತೊಳೆಯುತ್ತಾನೆ. ನನಗೆ ಅವನು ಮೆಚ್ಚುಗೆಯಾಗಿದ್ದ.

"ಏನಾಯ್ತೇ?" ಎಂದೆ.

"ಬೀದಿ ಮಧ್ಯ ನಿಂತು ನನ್ನ ಮೇಲೆ ಕಿರುಚಿದ, ಚಿಕ್ಕಮ್ಮ. ತರಕಾರಿಯವನು ತಕ್ಕಡಿ ಕೈಯಲ್ಲಿ ಹಿಡ್ಕೊಂಡೇ ನೋಡ್ತಾ ನಿಂತ."

"ಯಾಕೆ ಕಿರುಚಿದ?"

"ಬಾಡಿಗೆ ಮನೆ ನೋಡೋಕೆ ಹೋಗಬೇಕಿತ್ತಲ್ಲ. ಕೆಳಗೆ ಹಾಸಿಗೆ ಅಂಚು ಹೊಲಿದು ಮುಗಿಸಿ ಹೋಗೋಷ್ಟರಲ್ಲಿ ಸ್ವಲ್ಪ ಹೊತ್ತಾಯ್ತು. ಅಷ್ಟರಲ್ಲಿ ಬೇರೆಯವರಿಗೆ ಕೊಟ್ಟುಬಿಟ್ರಂತೆ. ಅದಕ್ಕೆ 'ನೀನು ಆ ಹಾಸಿಗೆನೇ ಮದುವೆಯಾಗು' ಅಂದ."

ಚಿಕ್ಕವಳಿಗೆ ನಗು ಬಂದು ನೀರು ಮೂಗಿಗೆ ಹತ್ತಿತು. ನಾನು ಅವಳ ಬೆನ್ನು ತಟ್ಟಿದೆ, ಸ್ವಲ್ಪ ಜೋರಾಗಿಯೇ.

"ಬಿಡೇ, ಕೋಪದಲ್ಲಿ ಒಂದು ಮಾತು," ಎಂದರು ನಮ್ಮನೆಯವರು.

"ಚಿಕ್ಕಪ್ಪ, ನಮ್ಮಪ್ಪ ಯಾವತ್ತಾದ್ರೂ ನಮ್ಮಮ್ಮನ ಮೇಲೆ ದನಿ ಎತ್ತಿದ್ದು ಇದೆಯಾ?"

ನಮ್ಮನೆಯವರು ಬಾಯಿ ತೆರೆದರು. ಅತ್ತೆ ಅವರ ಕಡೆ ತಿರುಗಿ ನೋಡಿದರು. ತೆರೆದ ಬಾಯಿಗೆ ಬ್ರೆಡ್ಡು ಹೋಯಿತು.

"ಇಲ್ಲ ಪುಟ್ಟಾ," ಎಂದರು ಅತ್ತೆ. "ನನ್ನ ಮಗ ಹೆಂಡತೀನ ಕೂಗಿ ಕರೆದವನಲ್ಲ. ಅವರಿಬ್ಬರ ಮಧ್ಯೆ ಒಂದು ಮಾತು ಹೆಚ್ಚಲ್ಲ, ಒಂದು ಮಾತು ಕಡಿಮೆಯಲ್ಲ. ನಿನಗೆ ಅಂಥವನು ಸಿಗಲಿಲ್ಲ ಅಂದ್ರೆ ಇಲ್ಲೇ ಇರು. ಅನ್ನಕ್ಕೇನು ಬರ ಇಲ್ಲ."

ದೊಡ್ಡವಳು ನಾನು ಹೆತ್ತವಳಲ್ಲ, ನಮ್ಮ ಭಾವನ ಮಗಳು. ಭಾವ, ನನ್ನ ವಾರಗಿತ್ತಿ ಇಬ್ಬರೂ ಒಂದೇ ದಿನ ತೀರಿಕೊಂಡಾಗ ಅವಳಿಗೆ ಎಂಟು ತುಂಬಿತ್ತು. ಚಿಕ್ಕವಳು ಆಮೇಲೆ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ಮನೆಯಲ್ಲಿ ಮಾತ್ರ ದೊಡ್ಡವಳು, ಚಿಕ್ಕವಳು, ಅಷ್ಟೇ.

ನಮ್ಮದು ಕೆಳಗೆ ಕಾರ್ಖಾನೆ, ಮೇಲೆ ಮನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಬೀದಿಗೆ ತೆರೆಯುವ ಅಗಲ ಬಾಗಿಲು, ಹತ್ತಿಯ ಮೂಟೆಗಳು, ಪಟ್ಟೆ ಬಟ್ಟೆಯ ಸುರುಳಿಗಳು, ನಡುವೆ ಮರದ ಚೌಕಟ್ಟು. ಹತ್ತಿ ತುಂಬಿ ಅಂಚು ಹೊಲಿದ ಹಾಸಿಗೆಯನ್ನು ಆ ಚೌಕಟ್ಟಿನಲ್ಲಿ ಗೋಡೆಯ ಹಾಗೆ ನಿಲ್ಲಿಸುತ್ತೇವೆ. ಒಳಗಿನ ಹತ್ತಿ ಒಂದೇ ಕಡೆ ಸರಿಯದಿರಲು ಅಲ್ಲಲ್ಲಿ ದಾರ ಹಾಯಿಸಿ ಗಂಟು ಹಾಕಬೇಕು. ಈ ಕಡೆಯವರು ಉದ್ದನೆಯ ಸೂಜಿಯನ್ನು ಚುಚ್ಚಿ ಆ ಕಡೆಗೆ ದಾಟಿಸಿದರೆ, ಆ ಕಡೆಯವರು ಅದನ್ನು ಎಳೆದುಕೊಂಡು, ಒಂದು ಬೆರಳು ಪಕ್ಕದಲ್ಲಿ ಮತ್ತೆ ಈ ಕಡೆಗೆ ಕಳಿಸುತ್ತಾರೆ. ಆಮೇಲೆ ಹದವಾಗಿ ಎಳೆದು ಗಂಟು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಒಬ್ಬರಿಂದ ಆಗುವ ಕೆಲಸವೂ ಅಲ್ಲ.

ಭಾವ ಈ ಕಡೆ, ವಾರಗಿತ್ತಿ ಆ ಕಡೆ. ನಾನು ಈ ಮನೆಗೆ ಬಂದ ಹೊಸತರಲ್ಲಿ ಮೆಟ್ಟಿಲ ಮೇಲೆ ಕೂತು ಅವರನ್ನು ನೋಡುವುದೇ ನನಗೊಂದು ಆಟ. "ಬಂತಾ" ಎಂದು ಅವರು ಕೇಳುತ್ತಿರಲಿಲ್ಲ, "ಹೂಂ" ಎಂದು ಇವಳು ಹೇಳುತ್ತಿರಲಿಲ್ಲ. ಸಂಜೆ ಕೆಲಸ ಮುಗಿದರೆ ಹಿತ್ತಲ ಬಾಗಿಲಲ್ಲಿ ಎದುರುಬದುರು ನಿಂತು ಒಬ್ಬರ ತಲೆಯಲ್ಲಿ ಸಿಕ್ಕಿದ ಹತ್ತಿ ಚೂರುಗಳನ್ನು ಇನ್ನೊಬ್ಬರು ಹೆಕ್ಕುವರು. ಕೂದಲು, ಹುಬ್ಬು, ಕಿವಿಯ ಸಂದಿ, ಒಂದನ್ನೂ ಬಿಡರು. ಅಷ್ಟಾದ ಮೇಲೆಯೇ ಊಟಕ್ಕೆ ಮೇಲೆ ಬರುವರು. "ಮಂಗಗಳು ಮೇಲೆ ಬಂದ್ವಾ?" ಎಂದು ನಮ್ಮನೆಯವರು ಗೇಲಿ ಮಾಡಿದರೆ, "ನಿಂಗೆ ಹೊಟ್ಟೆಕಿಚ್ಚು ಕಣೋ, ನಿನ್ನ ತಲೆ ಹೆಕ್ಕೋರಿಲ್ಲ" ಎಂದು ಭಾವ ನಗುತ್ತಿದ್ದರು.

ಅವತ್ತು ಬೆಟ್ಟದಾಚೆಯ ವಸತಿಗೃಹಕ್ಕೆ ಹಾಸಿಗೆ ಕೊಡಲು ಇಬ್ಬರೂ ಬಾಡಿಗೆ ವ್ಯಾನಿನಲ್ಲಿ ಹೋಗಿದ್ದರು. ಒಬ್ಬರೇ ಹೋಗಬಹುದಿತ್ತು. ಗಾಳಿಗೆ ಹೋಗಿಬಂದಂತಾಗುತ್ತದೆ ಎಂದು ಅವಳೂ ಹತ್ತಿದಳು. ತಿರುವಿನಲ್ಲಿ ಎದುರಿನಿಂದ ಲಾರಿ ಬಂತು. ಅಷ್ಟೇ. ಮಾತಾಡಿಸಲು ಬಂದವರೆಲ್ಲ ಅತ್ತೆಯ ಕೈ ಹಿಡಿದು, ಎಂಥಾ ಜೋಡಿ, ಹೋಗುವಾಗಲೂ ಒಬ್ಬರನ್ನೊಬ್ಬರು ಬಿಡಲಿಲ್ಲ ಎಂದರು. ಅತ್ತೆ ಆ ಮಾತನ್ನು ಹಿಡಿದುಕೊಂಡರು. ಹಿಡಿದುಕೊಳ್ಳಲು ಅವರಿಗೆ ಆಗ ಬೇರೇನೂ ಇರಲಿಲ್ಲ. ಪ್ರತಿದಿನ ಊಟದ ಹೊತ್ತಿಗೆ ತಾಯಿಯಿಲ್ಲದ ಮಗುವಿಗೆ ಒಂದೊಂದು ತುತ್ತಿನ ಜೊತೆ ಅಪ್ಪ ಅಮ್ಮನ ಕತೆ ಹೇಳಿದರು. ಕತೆ ವರ್ಷವರ್ಷಕ್ಕೆ ನುಣುಪಾಗುತ್ತಾ ಹೋಯಿತು. ಭಾವನ ಸಿಡುಕು ಉದುರಿತು, ವಾರಗಿತ್ತಿಯ ಹಟ ಉದುರಿತು. ನಾವೂ ತಲೆಯಾಡಿಸಿದೆವು. ಮಗು ಊಟ ಮಾಡುತ್ತಿತ್ತಲ್ಲ, ನಮಗೆ ಅಷ್ಟು ಸಾಕಾಗಿತ್ತು.

ಗಡಿಯಾರ ವಾಪಸ್ಸು ಹೋದ ಮರುವಾರ ನರ್ಸಮ್ಮ ಬಂದರು. ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ನಡುಬೀದಿಯಲ್ಲಿ ನಿಂತು ತಳ್ಳುಗಾಡಿಯವನಿಗೆ, "ಮೆಲ್ಲಗೆ ಇಳಿಸಪ್ಪ, ಅದು ಬಿದ್ರೆ ನಿನ್ನ ಕಾಲು ಮುರಿಯತ್ತೆ, ಅದಕ್ಕೇನೂ ಆಗಲ್ಲ" ಎನ್ನುತ್ತಿದ್ದರು. ಗಾಡಿಯ ಮೇಲೆ ಒಂದು ಹಳೆಯ ಹಾಸಿಗೆ.

"ಇದನ್ನ ಬಿಚ್ಚಿ, ಹತ್ತಿ ಹಿಂಜಿ, ಹೊಸದಾಗಿ ಹೊಲಿದುಕೊಡಿ. ನನ್ನ ಸೊಂಟ ಇನ್ನು ತಡೆಯಲ್ಲ."

ದೊಡ್ಡವಳು ಅಂಗೈಯಿಂದ ಒತ್ತಿ ನೋಡಿದಳು. ಒಂದು ಅರ್ಧ ಹಲಗೆಯಂತಿತ್ತು. ಇನ್ನೊಂದು ಅರ್ಧ ಮೆತ್ತಗಿತ್ತು.

"ಯಾರು ಮಾಡಿದ್ದು ಇದನ್ನ? ಈ ಕಡೆ ಗಂಟು ಹೀಗೆ ಬಿಗಿದಿದ್ದಾರೆ, ಹತ್ತಿ ಉಸಿರಾಡೋಕೂ ಜಾಗ ಇಲ್ಲ. ಇದೇನು ಹಾಸಿಗೇನಾ, ರಸ್ತೆನಾ?"

"ನಿಮ್ಮ ಅಂಗಡಿದೇ ಮಗು. ನಿಮ್ಮಪ್ಪ ಅಮ್ಮ ಮಾಡಿಕೊಟ್ಟಿದ್ದು."

"ಸಾಧ್ಯನೇ ಇಲ್ಲ." ಅವಳ ಮುಖ ಕೆಂಪಾಯಿತು. "ಅವರ ಕೈಕೆಲಸ ನಮಗೆ ಗೊತ್ತಿಲ್ವಾ? ನೀವು ಬೇರೆ ಕಡೆ ತಗೊಂಡು ಮರೆತಿದ್ದೀರಿ."

ನರ್ಸಮ್ಮ ಹಾಸಿಗೆಯ ಮೂಲೆ ಎತ್ತಿ ತೋರಿಸಿದರು. ಅಂಚಿನಲ್ಲಿ ಕೆಂಪು ದಾರದ ಮೂರು ಹೊಲಿಗೆ. ನನ್ನ ವಾರಗಿತ್ತಿ ಪ್ರತಿ ಹಾಸಿಗೆಗೂ ಹಾಕುತ್ತಿದ್ದ ಗುರುತು.

ದೊಡ್ಡವಳು ಅದನ್ನು ಬೆರಳಲ್ಲಿ ಸವರುತ್ತಾ ನಿಂತಳು.

"ಇಷ್ಟು ವರ್ಷ ಇದರ ಮೇಲೆ ಹೇಗೆ ಮಲಗಿದ್ರಿ? ಅವತ್ತೇ ತಂದು ಯಾಕೆ ಕೇಳಲಿಲ್ಲ?"

"ಕೇಳಬೇಕು ಅಂತಲೇ ಹೊರಟಿದ್ದೆ. ಅಷ್ಟರಲ್ಲಿ ಆ ಸುದ್ದಿ ಬಂತು. ಆಮೇಲೆ ಹೇಗೆ ಬರಲಿ? ನಿಮ್ಮಜ್ಜಿ ಅಳ್ತಾ ಕೂತಿದ್ದಾರೆ, ನಾನು ಬಂದು ಹಾಸಿಗೆ ಗಟ್ಟಿ ಅಂತ ಹೇಳಲಾ? ಮೆತ್ತಗಿರೋ ಅರ್ಧದಲ್ಲಿ ಮುದುರಿಕೊಂಡು ಮಲಗಿದೆ. ಕಾಲು ಚಾಚಿದ್ರೆ ಕಲ್ಲಿನ ಮೇಲೆ."

ನನಗೆ ಒಮ್ಮೆಲೇ ನೆನಪಾಯಿತು. ನೆನಪಾದದ್ದೇ ನಗು ಉಕ್ಕಿತು. ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡೆ, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಹತ್ತಿ ಮೂಟೆಯ ಮೇಲೆ ಕೂತುಬಿಟ್ಟೆ.

"ಚಿಕ್ಕಮ್ಮ! ಏನು ನಗು?"

"ಅದು ಜಗಳದ ಹಾಸಿಗೆ ಕಣೇ."

"ಯಾರ ಜಗಳ?"

ಅಷ್ಟು ವರ್ಷ ತಲೆಯಾಡಿಸಿದ ನನ್ನ ಕತ್ತಿಗೆ ಅವತ್ತು ಸಾಕಾಗಿತ್ತೋ ಏನೋ. ಹೇಳಿಬಿಟ್ಟೆ. ನರ್ಸಮ್ಮ ಆಗಷ್ಟೇ ಈ ಊರಿಗೆ ಬಂದು ನೆಲದ ಮೇಲೆ ಮಲಗುತ್ತಿದ್ದರು. ಅದೇ ವಾರ ವಾರಗಿತ್ತಿ ತನ್ನ ಅಕ್ಕನ ಹಸುಗೂಸು ನೋಡಲು ಹೊರಟಿದ್ದಳು. ಭಾವ ಅವಳನ್ನು ಒಂದು ಮಾತೂ ಕೇಳದೆ, ಈ ವಾರವೇ ಹಾಸಿಗೆ ಕೊಡುತ್ತೇನೆಂದು ನರ್ಸಮ್ಮನಿಗೆ ಒಪ್ಪಿಕೊಂಡುಬಿಟ್ಟರು. "ನಾನು ನಿಮ್ಮ ಹೆಂಡತಿನಾ, ಇಲ್ಲ ಇನ್ನೊಂದು ಸೂಜಿನಾ?" ಎಂದಳು ವಾರಗಿತ್ತಿ. ಭಾವ ಕೂಗಾಡಿದರು. ಅವಳು ಮಾತು ನಿಲ್ಲಿಸಿದಳು. ಆದರೂ ಹಾಸಿಗೆ ಆಗಬೇಕಲ್ಲ. ಬಾಯಿಗೆ ಬೀಗ ಹಾಕಿಕೊಂಡು ಆ ಕಡೆ ಅವಳು, ಈ ಕಡೆ ಇವರು. ಅವಳು ಸಿಟ್ಟಲ್ಲಿ ಎಳೆದರೆ ಇವರು ಇನ್ನೂ ಸಿಟ್ಟಲ್ಲಿ ಎಳೆದರು.

"ಅಪ್ಪ ಕೂಗಾಡಿದ್ರಾ?" ದೊಡ್ಡವಳ ದನಿ ಸಣ್ಣಗಾಗಿತ್ತು.

"ಬೀದಿ ಕೊನೆಯ ಕ್ಷೌರದಂಗಡಿಯವನು ಬಂದು, ಯಾರಿಗೇನಾಯ್ತು ಅಂತ ಕೇಳೋವಷ್ಟು."

"ಸುಳ್ಳು!"

ಈ ಮಾತು ದೊಡ್ಡವಳದ್ದಲ್ಲ. ಮೆಟ್ಟಿಲ ಮೇಲೆ ಅತ್ತೆ ನಿಂತಿದ್ದರು.

ಅವತ್ತಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಊಟ ಬಿಡಲಿಲ್ಲ. ಊಟ ಬಿಡುವ ಜಾತಿಯವರಲ್ಲ ಅವರು. ತಟ್ಟೆ ತೆಗೆದುಕೊಂಡು ಹೋಗಿ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ, ನಮಗೆ ಬೆನ್ನು ಮಾಡಿ ಕೂರುವರು. ಬೇಕಾದದ್ದನ್ನು ಚಿಕ್ಕವಳ ಮೂಲಕ ಕೇಳಿಸುವರು.

"ನಿಮ್ಮಮ್ಮನಿಗೆ ಹೇಳು, ಉಪ್ಪು ಕಡಿಮೆಯಾಗಿದೆ ಅಂತ."

"ಅಮ್ಮ, ಉಪ್ಪು ಕಡಿಮೆಯಂತೆ."

"ಕೇಳಿಸ್ತು. ಡಬ್ಬ ಅಲ್ಲೇ ಇದೆ ಅಂತ ಹೇಳು."

"ಅಜ್ಜಿ, ಡಬ್ಬ ಅಲ್ಲೇ..."

"ನನಗೇನು ಕಿವುಡಾ?"

ನಮ್ಮನೆಯವರು ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡುತ್ತಾರೆ. ಮನೆಯಲ್ಲಿ ಮಾತು ಬಿಗಿಯಾದಾಗಲೆಲ್ಲ ಅಲ್ಲಿ ಯಾವುದೋ ಪೈಪು ಒಡೆಯುತ್ತದೆ. ಆ ದಿನಗಳಲ್ಲಿ ಊರಿನ ಪೈಪುಗಳೆಲ್ಲ ಒಡೆದವು.

"ನೀವಾದ್ರೂ ಹೇಳಬಾರದಾ ಅತ್ತೆಗೆ?" ಎಂದೆ ಒಂದು ಬೆಳಿಗ್ಗೆ, ಅವರ ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಾ.

"ಏನಂತ? ಅಮ್ಮ, ನಿನ್ನ ಸತ್ತ ಮಗ ಸಿಡುಕ ಅಂತಲಾ?" ಅವರು ಚಪ್ಪಲಿ ಮೆಟ್ಟಿಕೊಂಡರು. "ಅಣ್ಣ ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡಿದ್ದು ನನಗೆ ಇವತ್ತಿಗೂ ನೋವಿದೆ ಕಣೇ. ಆದರೆ ಅಮ್ಮನ ಮುಂದೆ ಹೇಳೋಕೆ ಬಾಯಿ ಬರಲ್ಲ."

"ಹುಡುಗಿ ಬದುಕಿನ ಪ್ರಶ್ನೆ ಇದು. ಇಲ್ಲದ ಮನುಷ್ಯನಿಗೆ ಹೋಲಿಸಿ ಇರೋನನ್ನ ಕಳಿಸಿಬಿಡ್ತಿದ್ದಾಳೆ."

"ಗೊತ್ತು," ಎಂದರು. ಆಮೇಲೆ ಬಾಗಿಲಲ್ಲಿ ನಿಂತು, "ಇವತ್ತು ಡಬ್ಬಿಗೆ ಮೊಟ್ಟೆ ಹಾಕಿದ್ದೀಯಾ?" ಎಂದರು.

ದೊಡ್ಡವಳಂತೂ ಎಲ್ಲರೊಡನೆ ಮಾತಾಡುತ್ತಿದ್ದಳು, ಮಾತಿನಲ್ಲಿ ಅವಳು ಇರುತ್ತಿರಲಿಲ್ಲ. ನರ್ಸಮ್ಮನ ಹಾಸಿಗೆಯನ್ನು ಚೌಕಟ್ಟಿನ ಹಿಂದೆ ಗೋಡೆಗೆ ಒರಗಿಸಿಟ್ಟಿದ್ದಳು. ಬಿಚ್ಚಲು ಕತ್ತರಿ ತೆಗೆದುಕೊಂಡು ಹೋಗುವಳು, ಗಂಟುಗಳನ್ನು ಮುಟ್ಟಿ ನೋಡುವಳು, ಕತ್ತರಿಯನ್ನು ಹಾಗೇ ತಂದು ಗೂಟಕ್ಕೆ ತೂಗುಹಾಕುವಳು. ಬೇರೆ ಆರ್ಡರುಗಳನ್ನು ನಾವಿಬ್ಬರೂ ಸೇರಿ ಮುಗಿಸಿದೆವು. ಅವಳ ಕಡೆಯಿಂದ ಬರುವ ಸೂಜಿ ಒಮ್ಮೊಮ್ಮೆ ತಡವಾಗಿ ಬರುತ್ತಿತ್ತು. ನಾನು ಕಾಯುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಸೋಪು, ಆಲೂಗೆಡ್ಡೆ ತರಲು ಹೋದಾಗ ಪ್ರೆಸ್ಸಿನವನು ಸಿಕ್ಕಿದ. ನನ್ನ ಚೀಲ ಕಸಿದುಕೊಂಡು ಪಕ್ಕದಲ್ಲಿ ನಡೆದ.

"ಹೇಗಿದ್ದಾಳೆ?" ಎಂದ. ಮೂರು ಅಂಗಡಿಯಾಚೆಯವರು ತಿರುಗಿ ನೋಡಿದರು.

"ಮೆಲ್ಲಗೆ ಮಾತಾಡಪ್ಪ, ನಾನು ಇಲ್ಲೇ ಇದ್ದೀನಿ."

"ಅಯ್ಯೋ, ತಪ್ಪಾಯ್ತು. ಯಂತ್ರದ ಸದ್ದಲ್ಲಿ ಅಭ್ಯಾಸ ಆಗಿಹೋಗಿದೆ. ನಮ್ಮಲ್ಲಿ ನೀರು ಬೇಕು ಅಂದ್ರೂ ಕಿರುಚಬೇಕು." ದನಿಯನ್ನು ಕಷ್ಟಪಟ್ಟು ಇಳಿಸಿದ. "ಅವತ್ತು ಮಾತ್ರ ಅಭ್ಯಾಸಕ್ಕೆ ಕಿರುಚಿದ್ದಲ್ಲ. ಸಿಟ್ಟು ಬಂದಿತ್ತು. ಆ ಮನೆಗೆ ಎರಡು ಕಿಟಕಿ ಇತ್ತು ಕಣಮ್ಮ, ಒಂದು ನಿಮ್ಮ ಕಾರ್ಖಾನೆ ಕಡೆಗೇ ತೆರೀತಿತ್ತು. ಅವಳಿಗೆ ಇಷ್ಟ ಆಗತ್ತೆ ಅಂತ ಎಷ್ಟು ಓಡಾಡಿದ್ದೆ. ಮರುದಿನ ಬಂದು ತಪ್ಪಾಯ್ತು ಅಂತಲೂ ಹೇಳಿದೆ."

"ಅದಕ್ಕೇನಂದ್ಲು?"

"ನಮ್ಮಪ್ಪ ಹೀಗೆ ಮಾಡ್ತಿರಲಿಲ್ಲ ಅಂದ್ಲು. ತಡವಾಗಿ ಬಂದ್ರೆ ನಮ್ಮಪ್ಪ ಕಾಯ್ತಿದ್ರು, ಮನೆ ಹೋದ್ರೆ ನಮ್ಮಪ್ಪ ನಗ್ತಿದ್ರು ಅಂತೆ. ನಾನು ಉಣ್ಣೋ, ಬೆವರೋ ಮನುಷ್ಯ, ಸಿಟ್ಟೂ ಬರತ್ತೆ. ಗೋಡೆ ಮೇಲಿರೋ ಫೋಟೋ ಜೊತೆ ಹೇಗೆ ಪೈಪೋಟಿ ಮಾಡಲಿ?"

ಮನೆಯ ತಿರುವಿನವರೆಗೆ ಬಂದು ಚೀಲ ಕೊಟ್ಟ. ಆಮೇಲೆ ಜೇಬಿನಿಂದ ಆ ಕೈಗಡಿಯಾರ ತೆಗೆದು ನೋಡಿ, ಕೆಲಸಕ್ಕೆ ಹೊತ್ತಾಯಿತೆಂದು ಓಡಿದ. ಹೆಂಗಸರ ಗಡಿಯಾರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವನ ಮೇಲೆ ಎಷ್ಟು ಹೊತ್ತು ಕೋಪ ಮಾಡಿಕೊಳ್ಳಲು ಆದೀತು?

ಸಹಿಯ ದಿನ ಹತ್ತಿರ ಬಂತು. ಅದಕ್ಕಿಂತ ಮೊದಲು ನರ್ಸಮ್ಮ ಬಂದರು.

"ನನ್ನ ಹಾಸಿಗೆ ಎಲ್ಲಿ? ಎರಡು ಬೆಂಚು ಸೇರಿಸಿ ಮಲಗಿದ್ದೀನಿ. ಅದಕ್ಕಿಂತ ಆ ಕಲ್ಲೇ ವಾಸಿ, ಕೊಟ್ಟುಬಿಡಿ."

ದೊಡ್ಡವಳು ಹಾಸಿಗೆಯನ್ನು ಎಳೆದು ಚೌಕಟ್ಟಿಗೆ ನಿಲ್ಲಿಸಿದಳು. ಕತ್ತರಿ ಹಿಡಿದಳು. ಮತ್ತೆ ನಿಂತಳು. ನಂತರ ಗಟ್ಟಿ ಅರ್ಧದಿಂದ ಒಂದೊಂದೇ ಗಂಟು ಮುಟ್ಟುತ್ತಾ ಬಂದು ನಡುವೆ ಒಂದು ಕಡೆ ಬೆರಳಿಟ್ಟಳು.

"ಚಿಕ್ಕಮ್ಮ, ಇಲ್ಲಿ ನೋಡಿ. ಈ ಗಂಟಿನವರೆಗೆ ಬಿಗಿ. ಪಕ್ಕದ್ದು ಸಡಿಲ. ಮೆಲ್ಲಮೆಲ್ಲಗೆ ಸಡಿಲ ಆಗಿದ್ದಲ್ಲ, ಒಂದೇ ಸಲಕ್ಕೆ. ಇಲ್ಲಿ ಏನಾಯ್ತು?"

"ರಾಜಿಯಾಗಿರಬೇಕು."

"ಹೇಗೆ?"

"ಅದು ನಂಗೊತ್ತಿಲ್ಲ ಕಣೇ. ನಾನು ಮೇಲೆ ತಾರಸಿಯಲ್ಲಿ ಬಟ್ಟೆ ಒಣಗಿಸ್ತಿದ್ದೆ. ಊಟಕ್ಕೆ ಬಂದಾಗ ಇಬ್ಬರೂ ನಗ್ತಾ ಇದ್ರು. ನಿಮ್ಮಮ್ಮನೇ ಸೋತಿರಬೇಕು, ಹೋಗಲಿ ಬಿಡು ಅಂತ..."

"ಅವಳೆಲ್ಲಿ ಸೋತಳು?"

ಅತ್ತೆ ಮೆಟ್ಟಿಲಿಳಿದು ಬರುತ್ತಿದ್ದರು. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು, ಆದರೂ ಮಾತು ನಿಲ್ಲಿಸದೆ. "ಗೊತ್ತಿಲ್ಲ ಅಂದ ಮೇಲೆ ಸುಮ್ಮನಿರಬೇಕು. ಅರ್ಧ ಹೇಳೋದು, ಅದರಲ್ಲೂ ತಪ್ಪು ಹೇಳೋದು. ಸೋತವನು ನನ್ನ ಮಗ."

ವಾರಗಳ ಮೇಲೆ ನನ್ನ ಕಡೆ ನೋಡಿ ಆಡಿದ ಮೊದಲ ಮಾತು ಅದು. ನಾನು ಬೇಗನೆ ಒಂದು ಮೂಟೆ ಸರಿಸಿಕೊಟ್ಟೆ. ನರ್ಸಮ್ಮನೂ ಇನ್ನೊಂದರ ಮೇಲೆ ಕೂತರು.

"ನಾನು ಆ ಮೂಲೆಯಲ್ಲಿ ಕೂತು ಹತ್ತಿ ಬಿಡಿಸ್ತಿದ್ದೆ," ಎಂದರು ಅತ್ತೆ. "ನಿಮ್ಮಮ್ಮ ಹಾಸಿಗೆಯ ಆ ಕಡೆ, ನನ್ನ ಹತ್ತಿರ. ಇವನು ಈ ಕಡೆ. ಬೆಳಗಿನಿಂದ ಇಬ್ಬರೂ ಗುದ್ದಾಡೋ ಹಾಗೆ ದಾರ ಎಳೀತಿದ್ರು. ಅವಳಿಗೆ ಹಸಿವಾಯ್ತು. ನನಗೆ ಸನ್ನೆ ಮಾಡಿ, ಸದ್ದಿಲ್ಲದೆ ಹಿತ್ತಲಿಂದ ಅಡಿಗೆಮನೆಗೆ ಹೋದಳು. ಇವನಿಗೆ ಗೊತ್ತಿಲ್ಲ. ಸೂಜಿ ಚುಚ್ಚಿದ. ಸೂಜಿ ನಮ್ಮ ಕಡೆ ಬಂತು. ಎಳೆಯೋರಿಲ್ಲ. ಕಾಯ್ದ. ಕೆಮ್ಮಿದ. ಮತ್ತೆ ಕಾಯ್ದ."

"ಬೈದ್ರಾ?" ಎಂದಳು ದೊಡ್ಡವಳು.

"ನಾನೂ ಹಾಗೇ ಅಂದ್ಕೊಂಡೆ, ಈಗ ಕೂಗ್ತಾನೆ ಅಂತ. ಅವನ ಗಂಟಲು ನಂಗೊತ್ತಿಲ್ವಾ? ಹುಟ್ಟಿದಾಗಲೇ ಆಸ್ಪತ್ರೆ ಎದ್ದು ಕೂತಿತ್ತು."

ಎದುರಿಗೆ ಗೋಡೆಯಂತೆ ನಿಂತಿದ್ದ ಹಾಸಿಗೆಯ ಕಡೆಗೆ ಅತ್ತೆ ಬೊಟ್ಟು ಮಾಡಿದರು.

"ಮೆಲ್ಲಗೆ ಮಾತಾಡಿದ. ಹಾಸಿಗೆ ಜೊತೆ ಮಾತಾಡೋ ಹಾಗೆ. 'ಸೂಜಿ ಹಿಡ್ಕೊಂಡು ಕೂತುಬಿಡಬೇಡ ಕಣೇ. ನಿನ್ನ ಕೇಳಬೇಕಿತ್ತು. ಕೇಳಿದ್ರೆ ನೀನು ಹೂಂ ಅಂತೀಯ ಅನ್ನೋ ಧೈರ್ಯದ ಮೇಲೆ ಕೇಳದೇ ಇದ್ದುಬಿಟ್ಟೆ. ಆ ಕಡೆ ನೀನಿದ್ದೀಯ ಅಂತಲೇ ನಾನು ಕಣ್ಣುಮುಚ್ಚಿ ಚುಚ್ಚೋದು. ಕೂಗಿದ್ದು ತಪ್ಪು. ಇನ್ನು ಮೇಲೆ ಕೂಗಲ್ಲ ಅಂತ ಹೇಳಲ್ಲ, ನನ್ನ ಕೈಲಾಗಲ್ಲ. ನೀನೂ ಕೂಗು. ಸೂಜಿ ಮಾತ್ರ ವಾಪಸ್ಸು ಕಳಿಸು.' ಹೀಗಂದ."

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು.

"ಆಮೇಲೆ?" ಎಂದರು ನರ್ಸಮ್ಮ.

"ಆಮೇಲೇನು? ನಾನೇ ಎದ್ದು ಸೂಜಿ ಎಳೆದು ವಾಪಸ್ಸು ಕಳಿಸಿದೆ."

"ಅಜ್ಜಿ!"

"ಇನ್ನೇನು ಮಾಡಲಿ? ಅಷ್ಟು ಹೇಳಿ ನಿಂತಿದ್ದಾನೆ ಪಾಪ. ಹೆಂಡತಿ ಕ್ಷಮಿಸಿದಳು ಅಂದ್ಕೊಂಡು ಅವನು ಮೆತ್ತಗೆ ಗಂಟು ಹಾಕಿದ. ಅದೇ ಈ ಗಂಟು." ಅತ್ತೆ ಕೈ ಚಾಚಿ ದೊಡ್ಡವಳ ಬೆರಳಿದ್ದಲ್ಲಿ ತಮ್ಮ ಬೆರಳಿಟ್ಟರು. "ಇನ್ನೂ ನಾಲ್ಕೈದು ಗಂಟು ನಾನೇ ಹಾಕಿಸಿದೆ. ಆಮೇಲೆ ಅವಳು ಬಾಯಿ ಒರೆಸಿಕೊಂಡು ಬಂದಳು. ಇವನು ಹಲ್ಲು ಕಿರೀತಾ ನಮ್ಮ ಕಡೆ ಇಣುಕಿದ. 'ಏನು ನಗು, ನಾನಿನ್ನೂ ಮಾತಾಡಿಲ್ಲ' ಅಂದಳು. ಅವನು ನನ್ನ ಮುಖ ನೋಡಿದ, ನನ್ನ ಕೈಲಿದ್ದ ಸೂಜಿ ನೋಡಿದ. ಮತ್ತೆ ಮೊದಲಿಂದ ಎಲ್ಲಾ ಹೇಳಬೇಕಾಯ್ತು ನನ್ನ ಮಗ."

ದೊಡ್ಡವಳು ಮೊದಲು ನಕ್ಕಳು. ನಗುತ್ತಾ ನಗುತ್ತಾ ಅಳು ಬಂತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು. ನರ್ಸಮ್ಮ ಎದ್ದು, ಕೆಲಸದಲ್ಲಿದ್ದಾಗಿನ ಅಭ್ಯಾಸದಂತೆ, ಅವಳಿಗೆ ನೀರು ಕುಡಿಸಿದರು.

"ಯಾಕಜ್ಜಿ ಇದನ್ನ ಒಂದು ದಿನವೂ ಹೇಳಲಿಲ್ಲ?"

"ಬೇರೆ ಕತೆಯೆಲ್ಲಾ ಊರಿಗೇ ಹಂಚಿದ್ದೆ ಪುಟ್ಟಾ. ಬಂದವರಿಗೆ, ಹೋದವರಿಗೆ. ಹೇಳೀ ಹೇಳೀ ಅದು ನನ್ನ ಮಗನಾ, ಬೇರೆ ಯಾರದಾದ್ರೂ ಮಗನಾ ಅನ್ನೋ ಹಾಗಾಯ್ತು. ಇದೊಂದರಲ್ಲಿ ಅವನ ದನಿ ಹಾಗೇ ಇತ್ತು. ಹೇಳಿದ್ರೆ ಇದೂ ಸವೆದು ಹೋಗತ್ತೆ ಅಂತ ನನ್ನ ಹತ್ತಿರವೇ ಇಟ್ಕೊಂಡೆ."

"ಸವೆದಿಲ್ಲ ಅಜ್ಜಿ," ಎಂದಳು ದೊಡ್ಡವಳು. "ಇವತ್ತೇ ಅಪ್ಪನ ದನಿ ನನಗೆ ಕೇಳಿಸಿದ್ದು."

ಅತ್ತೆ ಅವಳ ಕೂದಲಿನಿಂದ ಹತ್ತಿಯ ಚೂರೊಂದನ್ನು ಹೆಕ್ಕಿ ಬಿಸಾಡಿದರು.

"ಎಲ್ಲಾ ಸರಿ," ಎಂದರು ನರ್ಸಮ್ಮ. "ನನ್ನ ಹಾಸಿಗೆ?"

"ಇದನ್ನ ಹೇಗೆ ಬಿಚ್ಚಲಿ? ನಿಮಗೆ ಹೊಸದೊಂದು ಮಾಡಿಕೊಡ್ತೀನಿ. ಇದು ಇಲ್ಲೇ ಇರಲಿ."

"ಹೊಸದು ನನಗ್ಯಾಕೆ? ಮೆತ್ತಗಿರೋ ಅರ್ಧ ಇಷ್ಟು ವರ್ಷ ಒಂದು ಚೂರೂ ಕುಗ್ಗಿಲ್ಲ. ಅದಕ್ಕೆ ಕೈ ಹಚ್ಚಬೇಡ. ಗಟ್ಟಿ ಅರ್ಧದ ಗಂಟು ಬಿಚ್ಚಿ, ಹತ್ತಿ ಹಿಂಜಿ, ನೀನು ಹಾಕು. ನಾನು ಕಾಲು ಚಾಚಿ ಮಲಗಬೇಕು, ಅಷ್ಟೇ."

ಹಾಗೇ ಆಯಿತು. ನರ್ಸಮ್ಮನನ್ನು ಕಳಿಸಿ ನಾವು ಅತ್ತೆ ಸೊಸೆ ಮೇಲೆ ಹೋಗಿ ಚಹಾ ಕುಡಿದೆವು. ಅತ್ತೆ ಮೇಜಿಗೇ ಬಂದು ಕೂತರು. ಚಹಾಕ್ಕೆ ಸಕ್ಕರೆ ಕಡಿಮೆ ಎಂದು ನೇರವಾಗಿ ನನಗೇ ಹೇಳಿದರು.

ಮರುದಿನ ದೊಡ್ಡವಳು ಪ್ರೆಸ್ಸಿಗೆ ಹೊರಟಳು. ಒಬ್ಬಳೇ ಹೋಗಲು ಒಂದು ಥರ ಎಂದು ಚಿಕ್ಕವಳನ್ನೂ ಕರೆದುಕೊಂಡಳು. ಅದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಚಿಕ್ಕವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು.

"ಅಮ್ಮ, ಯಂತ್ರ ಓಡ್ತಿತ್ತು. ಅಕ್ಕ ಹೋಗಿ ಮೆಲ್ಲಗೆ ಏನೋ ಹೇಳಿದ್ಲು. ಅವರು 'ಏನು?' ಅಂದ್ರು. ಇನ್ನೊಂದು ಸಲ ಹೇಳಿದ್ಲು. 'ಕೇಳಿಸ್ತಿಲ್ಲ!' ಅಂದ್ರು. ಆಮೇಲೆ ಅಕ್ಕ ಕೈ ಎರಡೂ ಬಾಯಿಗೆ ಇಟ್ಕೊಂಡು ಕಿರುಚಿದ್ಲು!"

"ಏನಂತ?"

"'ತಡವಾಗಿ ಬಂದಿದ್ದು ನನ್ನದು ತಪ್ಪು, ನೀನು ಕಿರುಚಿದ್ದು ನಿಂದು ತಪ್ಪು, ಗಡಿಯಾರ ವಾಪಸ್ಸು ಕೊಡು' ಅಂತ. ಅಷ್ಟರಲ್ಲಿ ಯಾರೋ ಯಂತ್ರ ನಿಲ್ಲಿಸಿದ್ರು ಅಮ್ಮ. 'ಗಡಿಯಾರ ಕೊಡು' ಅನ್ನೋದು ಇಡೀ ಪ್ರೆಸ್ಸಿಗೆ ಕೇಳಿಸ್ತು. ಅಚ್ಚಿನವರು, ಕಟ್ಟು ಕಟ್ಟೋರು ಎಲ್ಲಾ ಚಪ್ಪಾಳೆ ಹೊಡೆದ್ರು."

"ಅವನೇನಂದ?"

"ಜೇಬು ತಡಕಿದ್ರು. ಕೈಯೆಲ್ಲಾ ಶಾಯಿ. ಗಡಿಯಾರಕ್ಕೂ ಶಾಯಿ, ಅಕ್ಕನ ಕೈಗೂ ಶಾಯಿ."

"ಈಗ ಎಲ್ಲಿ ಅವರು?"

"ಮನೆ ನೋಡೋಕೆ ಹೋದ್ರು. ನನಗೆ ನೀನು ಹೋಗು ಅಂದ್ರು."

ನಮ್ಮನೆಯವರು ಅವತ್ತು ಪೈಪು ಒಡೆಯದೆ ಹೊತ್ತಿಗೆ ಸರಿಯಾಗಿ ಬಂದರು. ವಿಷಯ ಕೇಳಿ ಸ್ನಾನದ ಮನೆಗೆ ಹೋಗಿ, ಎಂದೂ ಇಲ್ಲದ ಹಾಡೊಂದನ್ನು ಹೇಳಿಕೊಂಡರು. ನಾನು ಆಲೂಗೆಡ್ಡೆ ಬೇಯಲು ಇಟ್ಟು, ಅನ್ನಕ್ಕೆ ಇನ್ನೂ ಎರಡು ಹಿಡಿ ಅಕ್ಕಿ ಸೇರಿಸಿದೆ. ಪ್ರೆಸ್ಸಿನವನು ಎರಡನೇ ಸಲ ಕೇಳುವವನಲ್ಲವೇ. ಅತ್ತೆ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದರು.

ಬೀದಿಯ ತಿರುವಿನಿಂದಲೇ ಅವನ ದನಿ ಕೇಳಿಸಿತು.

"ಅಡಿಗೆಮನೆಯಲ್ಲಿ ಒಬ್ಬರು ತಿರುಗಿದ್ರೆ ಇನ್ನೊಬ್ಬರು ಆಚೆ ಹೋಗಬೇಕು! ಅದು ಮನೆನಾ?"

ಈ ಹುಡುಗ ಇವತ್ತಾದರೂ ಬಾಯಿ ಹಿಡಿಯಬಾರದೇ ಎಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ದನಿ ಬಂತು, ಅದಕ್ಕಿಂತ ಒಂದು ಕೈ ಮೇಲೆ.

"ಮತ್ತೆ ನೀನು ಹೇಳಿದ ಮನೆಯಲ್ಲಿ ಬಿಸಿಲು ಎಲ್ಲಿಂದ ಬರತ್ತೆ? ನೀನು ತರ್ತೀಯಾ ಬಕೆಟ್ಟಲ್ಲಿ?"

"ಬಿಸಿಲು ತಿಂತೀಯಾ?"

"ಬಟ್ಟೆ ಒಣಗಿಸ್ತೀನಿ! ನಿನ್ನ ಶಾಯಿ ಬಟ್ಟೆ!"

ಚಿಕ್ಕವಳು ಹೆದರಿ ನನ್ನ ಮುಖ ನೋಡಿದಳು. ನಾನು ಅತ್ತೆಯ ಮುಖ ನೋಡಿದೆ. ಅವರು ಬೆಳ್ಳುಳ್ಳಿಯ ತಟ್ಟೆಯನ್ನು ಕೆಳಗಿಟ್ಟು, ಕಿಟಕಿಯ ಎರಡೂ ಬಾಗಿಲು ತೆರೆದು, ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಿದ್ದರು.

"ಅತ್ತೆ, ಹೋಗಿ ಬಿಡಿಸಲಾ?"

"ಶ್!" ಎಂದರು ಅತ್ತೆ, ನನ್ನ ಕಡೆ ತಿರುಗದೆಯೇ. "ಆ ಒಲೆ ಆರಿಸು ಮೊದಲು. ಕೊತಕೊತ ಅನ್ನೋದರಲ್ಲಿ ಇವಳು ಹೇಳೋದು ಸರಿಯಾಗಿ ಕೇಳಿಸ್ತಿಲ್ಲ."